ಬಾಲ್ಯದ ಬ್ಯಾಟ್, ಹಳೆಯ ಟಿಕೆಟ್ ಎಸೆಯಲು ಮನಸ್ಸು ಬಾರದೇಕೆ? ಪುಣೆಯ ಮೂರು ಸಂಗ್ರಹಾಲಯಗಳು ಹೇಳುವ ಉತ್ತರ

ಪುಣೆ: ಮನೆ ಬದಲಿಸುವಾಗಲೋ, ಹಬ್ಬಕ್ಕೆ ಮೊದಲು ಅಟ್ಟ ಗುಡಿಸುವಾಗಲೋ ಬಹುತೇಕ ಎಲ್ಲರ ಮನೆಯಲ್ಲೂ ಒಂದು ಪೆಟ್ಟಿಗೆ ಕೈಗೆ ಸಿಗುತ್ತದೆ. ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿದ ಬ್ಯಾಟ್, ಹೊಲಿಗೆ ಬಿಟ್ಟ ಲೆದರ್ ಬಾಲ್, ಬಬಲ್‌ಗಮ್ ಜೊತೆ ಬರುತ್ತಿದ್ದ ಕ್ರಿಕೆಟಿಗರ ಚಿತ್ರಗಳು, ಅಂಚು ಸವೆದ ಕೇರಂ ಸ್ಟ್ರೈಕರ್, ಬುಗುರಿ, ಒಂದು ಡಬ್ಬಿ ಗೋಲಿ. ಮನೆಯವರು 'ಗುಜರಿಗೆ ಹಾಕಿ' ಎನ್ನುತ್ತಾರೆ. ನಲವತ್ತು ದಾಟಿದ ಮನುಷ್ಯ 'ಇರಲಿ ಬಿಡು' ಎಂದು ಪೆಟ್ಟಿಗೆಯನ್ನು ಮತ್ತೆ ಅಟ್ಟಕ್ಕೇರಿಸುತ್ತಾನೆ.

ಇದು ಬರೀ ಹುಡುಗಾಟವೇ? ಹಳೆಯ ಆಟದ ಸಾಮಾನುಗಳಿಗೆ ಮನಸ್ಸು ಅಂಟಿಕೊಳ್ಳುವುದೇಕೆ? ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು, ಇಟ್ಟುಕೊಂಡದ್ದನ್ನು ಹೇಗೆ ಕಾಪಾಡಬೇಕು? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಪುಣೆ ಒಳ್ಳೆಯ ಜಾಗ. ಒಬ್ಬೊಬ್ಬರ ಮನೆಯ ಹವ್ಯಾಸವೇ ಬೆಳೆದು ಸಂಗ್ರಹಾಲಯವಾದ ಉದಾಹರಣೆಗಳು ಈ ಒಂದೇ ಊರಿನಲ್ಲಿ ಮೂರು ಸಿಗುತ್ತವೆ.

ಪಾಕಿಸ್ತಾನದ ಬ್ಯಾಟ್‌ಗೆ ಪುಣೆಯಿಂದ ಬಿಡ್

ಪುಣೆಯ ಸಹಕಾರನಗರದಲ್ಲಿ 'ಬ್ಲೇಡ್ಸ್ ಆಫ್ ಗ್ಲೋರಿ' ಎಂಬ ಕ್ರಿಕೆಟ್ ಸಂಗ್ರಹಾಲಯವಿದೆ. ಮಹಾರಾಷ್ಟ್ರದ ಕಿರಿಯರ ಕ್ರಿಕೆಟ್ ಆಡಿದ್ದ ರೋಹನ್ ಪಾಟೆ ಇದರ ಸ್ಥಾಪಕರು. 2012ರಲ್ಲಿ ಸಚಿನ್ ತೆಂಡೂಲ್ಕರ್ ಇದನ್ನು ಉದ್ಘಾಟಿಸಿದರು. ಹೆಸರಾಂತ ಆಟಗಾರರು ಸಹಿ ಮಾಡಿದ ಬ್ಯಾಟ್‌ಗಳು, ತೊಟ್ಟ ಜೆರ್ಸಿಗಳು, ಗ್ಲೌಸ್, ಚೆಂಡುಗಳು ಇಲ್ಲಿವೆ.

ಈ ಸಂಗ್ರಹಾಲಯದ ಹೆಸರು ದೇಶದಾಚೆಗೂ ಸುದ್ದಿಯಾದದ್ದು 2020ರ ಮೇ ತಿಂಗಳಲ್ಲಿ. ಕೊರೊನಾ ಸಂಕಷ್ಟದಲ್ಲಿದ್ದವರ ನೆರವಿಗಾಗಿ ಪಾಕಿಸ್ತಾನದ ಟೆಸ್ಟ್ ನಾಯಕ ಅಜರ್ ಅಲಿ ತಮ್ಮ ಎರಡು ವಸ್ತುಗಳನ್ನು ಹರಾಜಿಗಿಟ್ಟರು. ಒಂದು, 2016ರಲ್ಲಿ ದುಬೈನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಅಜೇಯ 302 ರನ್ ಗಳಿಸಿದ ಬ್ಯಾಟ್. ಹಗಲು-ರಾತ್ರಿ ಟೆಸ್ಟ್ ಕ್ರಿಕೆಟ್‌ನ ಮೊದಲ ತ್ರಿಶತಕ ಅದು. ಇನ್ನೊಂದು, 2017ರ ಚಾಂಪಿಯನ್ಸ್ ಟ್ರೋಫಿ ಫೈನಲ್‌ನಲ್ಲಿ ತೊಟ್ಟ ಜೆರ್ಸಿ. ಭಾರತವನ್ನು ಪಾಕಿಸ್ತಾನ ಸೋಲಿಸಿದ ಫೈನಲ್ ಅದು. ಎರಡಕ್ಕೂ ಇಟ್ಟ ಮೂಲ ಬೆಲೆ ತಲಾ 10 ಲಕ್ಷ ಪಾಕಿಸ್ತಾನಿ ರೂಪಾಯಿ. ಬ್ಯಾಟ್ ಅನ್ನು ಅಷ್ಟೇ ಬೆಲೆಗೆ ಕೂಗಿ ಗೆದ್ದದ್ದು ಪುಣೆಯ ಈ ಸಂಗ್ರಹಾಲಯ.

ಇಂಥ ಹರಾಜುಗಳು ಈಗ ಅಪರೂಪವಲ್ಲ. 2020ರ ಜನವರಿಯಲ್ಲಿ ಆಸ್ಟ್ರೇಲಿಯಾದ ಕಾಳ್ಗಿಚ್ಚು ಸಂತ್ರಸ್ತರಿಗಾಗಿ ಶೇನ್ ವಾರ್ನ್ ತಮ್ಮ ಟೆಸ್ಟ್ ಕ್ಯಾಪ್ ಮಾರಿದಾಗ ಅದಕ್ಕೆ 10 ಲಕ್ಷಕ್ಕೂ ಹೆಚ್ಚು ಆಸ್ಟ್ರೇಲಿಯನ್ ಡಾಲರ್ ಬಂತು. ನಮ್ಮ ಕನ್ನಡಿಗ ಕೆ.ಎಲ್. ರಾಹುಲ್ ಮತ್ತು ಅವರ ಪತ್ನಿ ಅಥಿಯಾ ಶೆಟ್ಟಿ 2024ರ ಆಗಸ್ಟ್‌ನಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳ ಶಾಲೆಗೆ ನೆರವಾಗಲು ನಡೆಸಿದ ಹರಾಜಿನಲ್ಲಿ ವಿರಾಟ್ ಕೊಹ್ಲಿ ಜೆರ್ಸಿಯೊಂದೇ 40 ಲಕ್ಷ ರೂಪಾಯಿ ತಂದಿತು.

ಅಂಗಡಿಯಲ್ಲಿ ಅದೇ ಅಳತೆಯ, ಅದೇ ಬಣ್ಣದ ಜೆರ್ಸಿ ಕೆಲವು ಸಾವಿರಕ್ಕೆ ಸಿಗುತ್ತದೆ. ಬಟ್ಟೆಯಲ್ಲಿ ಅಷ್ಟು ವ್ಯತ್ಯಾಸವಿಲ್ಲ. ಬೆಲೆಯ ಅಂತರವೆಲ್ಲ ಅದರ ಹಿಂದಿನ ಕಥೆಯದ್ದು. ಯಾರು ತೊಟ್ಟಿದ್ದು, ಯಾವ ದಿನ, ಯಾವ ಪಂದ್ಯದಲ್ಲಿ ಎಂಬ ವಿವರ ಕಳೆದುಹೋದರೆ ಅದೂ ಒಂದು ಹಳೆಯ ಬಟ್ಟೆ ಅಷ್ಟೆ. ನಿಮ್ಮ ಮನೆಯ ಅಟ್ಟದ ಪೆಟ್ಟಿಗೆಗೂ ಇದೇ ಮಾತು ಅನ್ವಯಿಸುತ್ತದೆ.

ಮಗನ ಹೆಸರಿನ ಮನೆ, ಆಟದ ರೈಲಿನ ಮನೆ

ಪುಣೆಯ ಬಾಜಿರಾವ್ ರಸ್ತೆ ಪಕ್ಕದಲ್ಲಿರುವ ರಾಜಾ ದಿನಕರ ಕೇಳಕರ ಸಂಗ್ರಹಾಲಯ ಕ್ರೀಡೆಯದ್ದಲ್ಲ. ಆದರೆ ಮನುಷ್ಯ ವಸ್ತುಗಳನ್ನು ಯಾಕೆ ಹಿಡಿದಿಟ್ಟುಕೊಳ್ಳುತ್ತಾನೆ ಎಂಬುದಕ್ಕೆ ಇದಕ್ಕಿಂತ ಮನಮುಟ್ಟುವ ಉದಾಹರಣೆ ಈ ಊರಿನಲ್ಲಿಲ್ಲ. ಕವಿಯೂ ಆಗಿದ್ದ ದಿನಕರ ಕೇಳಕರ ಅವರ ಒಬ್ಬನೇ ಮಗ ರಾಜಾ ಏಳನೇ ವಯಸ್ಸಿನಲ್ಲಿ ತೀರಿಕೊಂಡ. ಕೇಳಕರ ತಾವು ಕೂಡಿಸಿದ ಸಂಗ್ರಹಕ್ಕೆ ಮಗನ ಹೆಸರನ್ನೇ ಇಟ್ಟರು. ದೀಪ, ಅಡಕೊತ್ತು, ಬೀಗ, ಅಡುಗೆ ಪಾತ್ರೆ, ವಾದ್ಯ, ಗೊಂಬೆ ಹೀಗೆ ಮನೆ ಮಂದಿ ದಿನವೂ ಮುಟ್ಟುವ ಸಾಮಾನುಗಳನ್ನೇ ಊರೂರು ಸುತ್ತಿ ತಂದರು. ಸುಮಾರು 20,000 ವಸ್ತುಗಳ ಈ ಸಂಗ್ರಹವನ್ನು 1975ರಲ್ಲಿ ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿಸಿದರು.

ಕೋಥರೂಡ್‌ನಲ್ಲಿರುವ ಜೋಶಿ ಅವರ ಪುಟಾಣಿ ರೈಲ್ವೆ ಸಂಗ್ರಹಾಲಯದ ಕಥೆ ಬೇರೆ. ಆಟದ ರೈಲಿನ ಹುಚ್ಚು ಹಿಡಿಸಿಕೊಂಡಿದ್ದ ಭಾವು ಜೋಶಿ, ದೊಡ್ಡವರಾದ ಮೇಲೂ ಅದನ್ನು ಬಿಡಲಿಲ್ಲ. ಹಳಿ, ಸಿಗ್ನಲ್, ಸೇತುವೆ, ನಿಲ್ದಾಣಗಳಿರುವ ಒಂದು ಪುಟ್ಟ ಊರನ್ನೇ ಕಟ್ಟಿದರು. 1998ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಇಂದಿಗೂ ಅಲ್ಲಿಗೆ ಬರುವ ಮಕ್ಕಳಷ್ಟೇ ಕುತೂಹಲದಿಂದ ಅವರ ಜೊತೆ ಬಂದ ಅಪ್ಪಂದಿರೂ ರೈಲು ಓಡುವುದನ್ನು ನೋಡುತ್ತಾರೆ.

ಒಬ್ಬರು ಆಟದ ಮೇಲಿನ ಪ್ರೀತಿಗೆ, ಇನ್ನೊಬ್ಬರು ಕಳೆದುಕೊಂಡ ಮಗುವಿನ ನೆನಪಿಗೆ, ಮತ್ತೊಬ್ಬರು ಬಿಡಲಾಗದ ಹವ್ಯಾಸಕ್ಕೆ ವಸ್ತು ಕೂಡಿಸಿದರು. ಮೂವರ ಕಾರಣ ಬೇರೆ, ಮಾಡಿದ ಕೆಲಸ ಒಂದೇ. ವಸ್ತುವಿನ ಜೊತೆಗೆ ಅದರ ವಿವರವನ್ನೂ ಉಳಿಸಿದರು, ಬೇರೆಯವರಿಗೂ ತೋರಿಸಿದರು.

ಮನಸ್ಸು ಅಂಟಿಕೊಳ್ಳುವುದೇಕೆ?

ಹಳೆಯದರ ಹಂಬಲಕ್ಕೆ ಇಂಗ್ಲಿಷ್‌ನಲ್ಲಿ ಬಳಸುವ 'ನಾಸ್ಟಾಲ್ಜಿಯಾ' ಪದ ಹುಟ್ಟಿದ್ದು ಕಾಯಿಲೆಯ ಹೆಸರಾಗಿ. 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ, ಊರು ಬಿಟ್ಟು ದೂರ ಹೋದ ಸ್ವಿಟ್ಜರ್ಲೆಂಡ್ ಜನರನ್ನು ಕಾಡುವ ಮನೆಯ ಹಂಬಲಕ್ಕೆ ಈ ಹೆಸರಿಟ್ಟ. ಇಂದಿನ ಮನಶ್ಶಾಸ್ತ್ರಜ್ಞರು ಇದನ್ನು ರೋಗ ಎನ್ನುವುದಿಲ್ಲ. ಹಳೆಯ ನೆನಪುಗಳಲ್ಲಿ ಸಾಮಾನ್ಯವಾಗಿ ಬೇರೆಯವರೂ ಇರುತ್ತಾರೆ, ಹಾಗಾಗಿ ಅವು ಒಂಟಿತನವನ್ನು ಕಡಿಮೆ ಮಾಡಿ 'ನನ್ನವರಿದ್ದಾರೆ' ಎಂಬ ಭಾವ ಕೊಡುತ್ತವೆ ಎನ್ನುವುದು ಬ್ರಿಟನ್‌ನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಹಲವು ಅಧ್ಯಯನಗಳಲ್ಲಿ ಕಂಡುಕೊಂಡ ವಿಷಯ.

ಕ್ರೀಡೆಯ ಸಾಮಾನುಗಳ ವಿಷಯದಲ್ಲಿ ಇದು ಇನ್ನೂ ನಿಜ. ಬ್ಯಾಟ್ ಹಿಡಿದು ಒಬ್ಬರೇ ಆಡಲು ಆಗುವುದಿಲ್ಲ. ಬೌಲಿಂಗ್ ಮಾಡಲು ಅಣ್ಣ ಬೇಕು, ಕೀಪಿಂಗ್‌ಗೆ ಪಕ್ಕದ ಮನೆಯ ಗೆಳೆಯ ಬೇಕು, ಚೆಂಡು ಕಾಂಪೌಂಡ್ ದಾಟಿದರೆ ಬೈಯಲು ಆ ಮನೆಯ ಅಜ್ಜಿಯೂ ಬೇಕು. ಹಾಗಾಗಿ ಹಳೆಯ ಬ್ಯಾಟ್ ಕೈಗೆ ಬಂದರೆ ಇಡೀ ಬೀದಿಯೇ ನೆನಪಾಗುತ್ತದೆ.

ಅಮೆರಿಕದ ಸಂಶೋಧಕ ರಸೆಲ್ ಬೆಲ್ಕ್ 1988ರಲ್ಲಿ ಪ್ರಕಟಿಸಿದ ಪ್ರಬಂಧ ಈ ಕ್ಷೇತ್ರದಲ್ಲಿ ಬಹಳ ಹೆಸರಾಗಿದೆ. ನಮ್ಮ ವಸ್ತುಗಳು ನಮ್ಮ ವ್ಯಕ್ತಿತ್ವದ ಮುಂದುವರಿದ ಭಾಗ ಎಂಬುದು ಅವರ ವಾದ. ವಸ್ತು ಕಳೆದಾಗ ಏನೋ ನಮ್ಮದೇ ಒಂದು ತುಣುಕು ಹೋದಂತೆ ಅನಿಸುವುದು ಇದಕ್ಕೇ.

ಹಾಗಿದ್ದರೆ ಅಂಥದ್ದೇ ಹೊಸ ವಸ್ತು ಕೊಟ್ಟರೆ ಸಮಾಧಾನವಾಗಬೇಕಲ್ಲವೇ? ಆಗುವುದಿಲ್ಲ. ಬ್ರೂಸ್ ಹುಡ್ ಮತ್ತು ಪಾಲ್ ಬ್ಲೂಮ್ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪುಟ್ಟ ಮಕ್ಕಳಿಗೆ ವಸ್ತುಗಳನ್ನು 'ನಕಲು ಮಾಡುವ ಯಂತ್ರ' ತೋರಿಸಿದರು. ಯಂತ್ರ ಬರೀ ಕಣ್ಕಟ್ಟು, ಆದರೆ ಮಕ್ಕಳು ನಂಬಿದರು. ಸಾಮಾನ್ಯ ಆಟಿಕೆಗಳ ನಕಲನ್ನು ಮಕ್ಕಳು ಸುಲಭವಾಗಿ ಒಪ್ಪಿಕೊಂಡರೂ, ದಿನವೂ ಪಕ್ಕದಲ್ಲಿಟ್ಟು ಮಲಗುವ ಗೊಂಬೆಯ ವಿಷಯ ಬಂದಾಗ ತಮ್ಮ ಮೂಲ ಗೊಂಬೆಯೇ ಬೇಕೆಂದರು. ಕೆಲವರು ಅದನ್ನು ಯಂತ್ರಕ್ಕೆ ಹಾಕಲೂ ಬಿಡಲಿಲ್ಲ.

ದೊಡ್ಡವರೂ ಇದಕ್ಕೆ ಹೊರತಲ್ಲ. ಮೆಚ್ಚಿನ ತಾರೆ ತೊಟ್ಟ ಸ್ವೆಟರ್ ಅನ್ನು ಕೊಳ್ಳಲು ಮುಂದಾಗುವ ಜನ, ಅದನ್ನು ಪೂರ್ತಿ ಶುದ್ಧಗೊಳಿಸಲಾಗಿದೆ ಎಂದು ತಿಳಿದಾಗ ಮೊದಲಿನಷ್ಟು ಆಸಕ್ತಿ ತೋರಲಿಲ್ಲ ಎಂದು 2011ರ ಇನ್ನೊಂದು ಅಧ್ಯಯನ ಹೇಳುತ್ತದೆ. ಬ್ಯಾಟ್ ಮೇಲಿನ ಕೆಂಪು ಚೆಂಡಿನ ಗುರುತನ್ನು ಯಾರೂ ಉಜ್ಜಿ ತೆಗೆಯದಿರುವುದು ಇದೇ ಕಾರಣಕ್ಕೆ. ಆ ಕಲೆಯೇ ಅದರ ಸಾಕ್ಷಿ.

ಯಾವುದು ಅಮೂಲ್ಯ ಎಂದು ಮೊದಲೇ ಗೊತ್ತಾಗದು

1996ರ ಫೆಬ್ರವರಿ 29. ಪುಣೆಯ ನೆಹರೂ ಸ್ಟೇಡಿಯಂನಲ್ಲಿ ವಿಶ್ವಕಪ್‌ನ ಒಂದು ಲೀಗ್ ಪಂದ್ಯ. ಒಂದು ಕಡೆ ಬ್ರಿಯಾನ್ ಲಾರಾ ಇದ್ದ ವೆಸ್ಟ್ ಇಂಡೀಸ್, ಇನ್ನೊಂದು ಕಡೆ ಮೊದಲ ವಿಶ್ವಕಪ್ ಆಡುತ್ತಿದ್ದ ಕೀನ್ಯಾ. ಫಲಿತಾಂಶ ಏನೆಂದು ಯಾರಿಗೂ ಅನುಮಾನವಿರಲಿಲ್ಲ. ಕೀನ್ಯಾ 166ಕ್ಕೆ ಆಲೌಟ್. ಆದರೆ ವೆಸ್ಟ್ ಇಂಡೀಸ್ 93ಕ್ಕೇ ಕುಸಿದು 73 ರನ್‌ಗಳಿಂದ ಸೋತಿತು. ವಿಶ್ವಕಪ್ ಇತಿಹಾಸದ ಅತಿದೊಡ್ಡ ಅಚ್ಚರಿಗಳಲ್ಲಿ ಅದೂ ಒಂದು. ಆ ದಿನದ ಟಿಕೆಟ್ ಚೂರನ್ನು ಜೇಬಿನಲ್ಲೇ ಬಿಟ್ಟು ಪ್ಯಾಂಟ್ ಒಗೆಯಲು ಹಾಕಿದವರು ಈಗ ಕೈ ಕೈ ಹಿಸುಕಿಕೊಳ್ಳಬೇಕು.

ಒಂಬತ್ತು ದಿನಗಳ ನಂತರ, ಮಾರ್ಚ್ 9ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಭಾರತ–ಪಾಕಿಸ್ತಾನ ಕ್ವಾರ್ಟರ್ ಫೈನಲ್ ಟಿಕೆಟ್ ಅನ್ನು ಮಾತ್ರ ಅನೇಕರು ಜೋಪಾನವಾಗಿಟ್ಟಿದ್ದಾರೆ. ಯಾಕೆಂದರೆ ಆ ಪಂದ್ಯ ದೊಡ್ಡದೆಂದು ಮೊದಲೇ ಗೊತ್ತಿತ್ತು.

ಪುಣೆಯದ್ದೇ ಇನ್ನೊಂದು ಪ್ರಸಂಗ ಇದಕ್ಕಿಂತ ಹಳೆಯದು. 1948ರ ಡಿಸೆಂಬರ್‌ನಲ್ಲಿ ಕಾಠಿಯಾವಾಡ ವಿರುದ್ಧದ ರಣಜಿ ಪಂದ್ಯದಲ್ಲಿ ಮಹಾರಾಷ್ಟ್ರದ ಭಾವುಸಾಹೇಬ್ ನಿಂಬಾಳ್ಕರ್ ಅಜೇಯ 443 ರನ್ ಗಳಿಸಿದ್ದರು. ಡಾನ್ ಬ್ರಾಡ್ಮನ್ ಅವರ ಅಂದಿನ ವಿಶ್ವದಾಖಲೆ 452 ಕೈಗೆಟುಕುವಷ್ಟು ಹತ್ತಿರವಿತ್ತು. ಅಷ್ಟರಲ್ಲಿ ಎದುರಾಳಿ ತಂಡ ಆಟ ಸಾಕೆಂದು ಪಂದ್ಯ ಬಿಟ್ಟುಕೊಟ್ಟಿತು. ನಿಂಬಾಳ್ಕರ್ ಅವರಿಗೆ ಒಂದು ಟೆಸ್ಟ್ ಪಂದ್ಯವನ್ನೂ ಆಡುವ ಅವಕಾಶ ಸಿಗಲಿಲ್ಲ. ಇಂದು ಅವರನ್ನು ನೆನೆಯಲು ಸಾಧ್ಯವಾಗಿರುವುದು ಆ ದಿನ ಯಾರೋ ಒಬ್ಬರು ಸ್ಕೋರ್ ಪುಸ್ತಕದಲ್ಲಿ ಪ್ರತಿ ರನ್ ಬರೆದಿಟ್ಟದ್ದರಿಂದ. ಬರೆದಿಟ್ಟದ್ದಕ್ಕೆ ಅಷ್ಟು ಬೆಲೆ.

ಇಟ್ಟುಕೊಂಡರೆ ಮುಂದೆ ಲಕ್ಷ ಬರುತ್ತದೆಯೇ?

ಈ ಆಸೆಯಿಂದ ಪೆಟ್ಟಿಗೆ ಕಾಯುವವರಿಗೆ ಒಂದು ಎಚ್ಚರಿಕೆ. ಬಹುಪಾಲು ಬಾಲ್ಯದ ಆಟದ ಸಾಮಾನುಗಳಿಗೆ ಮಾರುಕಟ್ಟೆಯಲ್ಲಿ ಹೇಳಿಕೊಳ್ಳುವಂಥ ಬೆಲೆ ಇಲ್ಲ. ಸಾವಿರಾರು ಜನರ ಬಳಿ ಇರುವ ಕಾರ್ಡ್, ಸ್ಟಿಕ್ಕರ್, ಪ್ಲಾಸ್ಟಿಕ್ ಬ್ಯಾಟ್‌ಗಳನ್ನು ಯಾರೂ ದೊಡ್ಡ ಹಣ ಕೊಟ್ಟು ಕೊಳ್ಳುವುದಿಲ್ಲ. ದೊಡ್ಡ ಬೆಲೆ ಬರುವುದು ಹೆಸರಾಂತ ಆಟಗಾರ, ಹೆಸರಾಂತ ಪಂದ್ಯ ಮತ್ತು ಗಟ್ಟಿ ಸಾಕ್ಷಿ ಮೂರೂ ಕೂಡಿದಾಗ ಮಾತ್ರ.

ನಮ್ಮ ವಸ್ತುವಿಗೆ ನಾವೇ ಹೆಚ್ಚು ಬೆಲೆ ಕಟ್ಟುವುದು ಸಹಜ ಎನ್ನುವುದನ್ನೂ ಸಂಶೋಧನೆ ತೋರಿಸಿದೆ. ಡೇನಿಯಲ್ ಕಾನ್ಮನ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳಿಗೆ ಕಾಫಿ ಮಗ್ ಕೊಟ್ಟರು. ಕೆಲವೇ ನಿಮಿಷಗಳ ಹಿಂದೆ ಪಡೆದ ಮಗ್ ಮಾರಲು ಅವರು ಕೇಳಿದ ಬೆಲೆ, ಕೊಳ್ಳುವವರು ಕೊಡಲು ಒಪ್ಪಿದ್ದರ ಸುಮಾರು ಎರಡರಷ್ಟಿತ್ತು. ನಿಮಿಷಗಳ ಒಡೆತನಕ್ಕೇ ಹೀಗಾದರೆ ಮೂವತ್ತು ವರ್ಷ ಜೊತೆಗಿದ್ದ ಬ್ಯಾಟ್ ಮಾತೇನು!

ಸಹಿ ಇರುವ ವಸ್ತು ಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ಕ್ರೀಡಾಪಟುಗಳ ನಕಲಿ ಸಹಿ ದಂಧೆ ಅಮೆರಿಕದಲ್ಲಿ ಎಷ್ಟು ಬೆಳೆದಿತ್ತೆಂದರೆ ಅಲ್ಲಿನ ಎಫ್‌ಬಿಐ 1990ರ ದಶಕದಲ್ಲಿ 'ಆಪರೇಷನ್ ಬುಲ್‌ಪೆನ್' ಹೆಸರಿನಲ್ಲಿ ಪ್ರತ್ಯೇಕ ತನಿಖೆಯನ್ನೇ ನಡೆಸಬೇಕಾಯಿತು. ವಸ್ತು ಯಾರಿಂದ ಯಾರಿಗೆ ಬಂತು ಎಂಬ ಪೂರ್ತಿ ದಾಖಲೆ ಇಲ್ಲದಿದ್ದರೆ ಹಣ ಹಾಕದಿರುವುದೇ ಒಳಿತು.

ಎಲ್ಲವನ್ನೂ ಇಡಬೇಕೇ?

ಬೇಡ. ಪುಣೆ, ಬೆಂಗಳೂರಿನಂಥ ಊರುಗಳ ಎರಡು ಕೋಣೆಯ ಫ್ಲ್ಯಾಟ್‌ಗಳಲ್ಲಿ ಅದು ಸಾಧ್ಯವೂ ಇಲ್ಲ. ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಯಿಂದ ಕೆಲಸಕ್ಕಾಗಿ ಪುಣೆಗೆ ಬಂದು ಬಾಡಿಗೆ ಮನೆಗಳನ್ನು ಬದಲಿಸುತ್ತಲೇ ಇರುವವರಿಗೆ ಪ್ರತಿ ಪೆಟ್ಟಿಗೆಯೂ ಹೊರೆ. ಊರಿನ ಮನೆ ಮಾರುವ ಸಂದರ್ಭ ಬಂದಾಗಲಂತೂ ಇಡೀ ಅಟ್ಟದ ಸಾಮಾನು ಎರಡೇ ದಿನದಲ್ಲಿ ವಿಲೇವಾರಿ ಆಗಬೇಕಾಗುತ್ತದೆ. ನೋವಾಗುವುದು ಆಗಲೇ.

ಒಂದು ಸುಲಭ ದಾರಿ ಫೋಟೊ. 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ವಿದ್ಯಾರ್ಥಿನಿಲಯಗಳಲ್ಲಿ ಹಳೆಯ ವಸ್ತು ದಾನದ ಅಭಿಯಾನ ನಡೆಸಲಾಯಿತು. 'ನೆನಪಿನ ವಸ್ತುಗಳ ಫೋಟೊ ತೆಗೆದುಕೊಂಡು ದಾನ ಮಾಡಿ' ಎಂದು ಹೇಳಿದ ಕಡೆ 613 ವಸ್ತುಗಳು ಬಂದರೆ, ಬರೀ 'ದಾನ ಮಾಡಿ' ಎಂದ ಕಡೆ 533 ಬಂದವು. ಅನೇಕರಿಗೆ ಬೇಕಿದ್ದದ್ದು ವಸ್ತುವಲ್ಲ, ಅದರ ನೆನಪು.

ಹಾಗಾಗಿ ಪೆಟ್ಟಿಗೆಯನ್ನು ಮೂರು ಭಾಗ ಮಾಡಿ. ನಿರ್ದಿಷ್ಟ ವ್ಯಕ್ತಿ ಅಥವಾ ದಿನದ ನೆನಪಿರುವ ನಾಲ್ಕೈದು ವಸ್ತು ನಿಮ್ಮ ಬಳಿ ಇರಲಿ. ಆಡಲು ಇನ್ನೂ ಯೋಗ್ಯವಾದ ಕೇರಂ ಬೋರ್ಡ್, ಬುಗುರಿ, ಚಿನ್ನಿದಾಂಡು ಮಕ್ಕಳ ಕೈ ಸೇರಲಿ. ಉಳಿದದ್ದರ ಫೋಟೊ ತೆಗೆದು ಬಿಟ್ಟುಬಿಡಿ. ಮೂವತ್ತು ವರ್ಷ ಮೂಲೆಯಲ್ಲಿದ್ದ ಒಣಗಿದ ಬ್ಯಾಟ್‌ನಿಂದ ಮಾತ್ರ ಗಟ್ಟಿ ಚೆಂಡು ಆಡಿಸಬೇಡಿ, ಮರ ಸೀಳಬಹುದು.

ಇಟ್ಟುಕೊಳ್ಳುವ ಹಂಬಲ ಮಿತಿ ಮೀರುವುದೂ ಉಂಟು. ಯಾವುದನ್ನೂ ಬಿಸಾಡಲಾಗದೆ ಮನೆಯಲ್ಲಿ ಓಡಾಡಲೂ ಜಾಗವಿಲ್ಲದಂತಾದರೆ, ಎಸೆಯುವ ಮಾತೆತ್ತಿದರೇ ತೀವ್ರ ಸಂಕಟವಾದರೆ ಅದು ಬೇರೆಯೇ ಸಮಸ್ಯೆ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ 2013ರಿಂದ ಇದನ್ನು ಪ್ರತ್ಯೇಕ ಮಾನಸಿಕ ತೊಂದರೆ ಎಂದು ಗುರುತಿಸಿದೆ. ಅಂಥವರಿಗೆ ಬೈಗುಳಕ್ಕಿಂತ ಮನೋವೈದ್ಯರ ಸಲಹೆ ಬೇಕು. ಒಂದು ಟ್ರಂಕಿನಲ್ಲಿ ಹಿಡಿಸುವಷ್ಟು ಆಟದ ಸಾಮಾನು ಇಟ್ಟುಕೊಂಡವರು ಈ ಗುಂಪಿಗೆ ಸೇರುವುದಿಲ್ಲ.

ಮಳೆಗಾಲದಲ್ಲಿ ಕಾಪಾಡುವುದು ಹೇಗೆ?

ಪುಣೆಯಾಗಲಿ, ಮಲೆನಾಡು-ಕರಾವಳಿಯಾಗಲಿ, ಇಂಥ ವಸ್ತುಗಳ ದೊಡ್ಡ ಶತ್ರು ತೇವ. ಖರ್ಚಿಲ್ಲದ ಕೆಲವು ಕ್ರಮಗಳು ಹೀಗಿವೆ:

* ಬ್ಯಾಟ್: ಗೋಡೆಗೆ ಒರಗಿಸಿ ನೆಲದ ಮೇಲೆ ಇಡಬೇಡಿ. ತೇವ ಮತ್ತು ಗೆದ್ದಲು ಕೆಳಗಿನಿಂದಲೇ ಏರುತ್ತವೆ. ಸಹಿ ಇಲ್ಲದ ಬ್ಯಾಟ್‌ನ ಮರ ಒಣಗಿದ್ದರೆ ಅಗಸೆ ಎಣ್ಣೆಯನ್ನು ತೆಳ್ಳಗೆ ಸವರಬಹುದು. ಸಹಿ ಇರುವ ಜಾಗಕ್ಕೆ ಎಣ್ಣೆ ತಾಗಿಸಲೇಬೇಡಿ.
* ಲೆದರ್ ಬಾಲ್, ಗ್ಲೌಸ್, ಪ್ಯಾಡ್: ಪಾಲಿಥೀನ್ ಚೀಲದಲ್ಲಿ ಬಿಗಿದು ಕಟ್ಟಿದರೆ ಒಳಗಿನ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ಮಳೆಗಾಲ ಮುಗಿದ ಮೇಲೆ ನೆರಳಿನಲ್ಲಿ ಗಾಳಿಗೆ ಹರಡಿ.
* ಕಾರ್ಡ್, ಟಿಕೆಟ್, ಪತ್ರಿಕೆಯ ತುಣುಕು: ಲ್ಯಾಮಿನೇಷನ್ ಬೇಡ, ಒಮ್ಮೆ ಮಾಡಿದರೆ ಬಿಡಿಸಲಾಗದು. ಸೆಲ್ಲೋಟೇಪ್ ಮತ್ತು ರಬ್ಬರ್ ಬ್ಯಾಂಡ್ ಕೂಡ ಬೇಡ. ಅಗ್ಗದ ಪಿವಿಸಿ ಕವರ್‌ಗೆ ಮುದ್ರಣದ ಬಣ್ಣ ಅಂಟಿಕೊಳ್ಳುತ್ತದೆ. ಈಚಿನ ಯಂತ್ರದ ಟಿಕೆಟ್‌ಗಳ ಅಕ್ಷರ ತಾನಾಗಿಯೇ ಮಾಸುವುದರಿಂದ ಕೂಡಲೇ ಫೋಟೊ ತೆಗೆದಿಡಿ.
* ಸಹಿ: ನೇರ ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ. ಸ್ಕೆಚ್ ಪೆನ್ ಸಹಿ ಕೆಲವೇ ವರ್ಷಗಳಲ್ಲಿ ಮಸುಕಾಗುತ್ತದೆ.
* ರಬ್ಬರ್, ಪ್ಲಾಸ್ಟಿಕ್: ಹಳೆಯ ರಬ್ಬರ್ ಬಾಲ್ ಅಂಟಂಟಾಗುತ್ತದೆ ಅಥವಾ ಬಿರುಕು ಬಿಡುತ್ತದೆ. ಅದನ್ನು ಬೇರೆ ಡಬ್ಬಿಯಲ್ಲಿಡಿ. ನುಸಿಗುಳಿಗೆ ಪ್ಲಾಸ್ಟಿಕ್ ಆಟಿಕೆಗೆ ತಾಗದಂತೆ ನೋಡಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯ: ಒಂದು ಚೀಟಿ

ಹುಳ, ತೇವ, ಬಿಸಿಲಿಗಿಂತ ಹೆಚ್ಚು ವಸ್ತುಗಳನ್ನು ಗುಜರಿಗೆ ಕಳಿಸುವುದು ಮರೆವು. ಅಪ್ಪ ತೀರಿಕೊಂಡ ಮೇಲೆ ಬೀರು ತೆಗೆಯುವ ಮಕ್ಕಳಿಗೆ ಒಂದು ಹಾಕಿ ಸ್ಟಿಕ್, ಒಂದು ಪದಕ, ಹನ್ನೊಂದು ಜನರ ಗ್ರೂಪ್ ಫೋಟೊ ಸಿಗುತ್ತದೆ. ಯಾವ ಪಂದ್ಯಾವಳಿ, ಯಾವ ವರ್ಷ, ಪಕ್ಕದಲ್ಲಿ ನಿಂತವರು ಯಾರು ಎಂದು ಹೇಳುವವರು ಉಳಿದಿರುವುದಿಲ್ಲ. ಅವರು ಎಸೆಯುವುದು ಕಲ್ಲು ಮನಸ್ಸಿನಿಂದಲ್ಲ, ಗೊತ್ತಿಲ್ಲದ್ದರಿಂದ.

ಇದಕ್ಕೆ ಮದ್ದು ಸರಳ. ಪ್ರತಿ ವಸ್ತುವಿಗೂ ದಾರದಲ್ಲಿ ಒಂದು ಚೀಟಿ ಕಟ್ಟಿ. ಅದರಲ್ಲಿ ಐದು ಸಂಗತಿ ಬರೆಯಿರಿ: ಯಾರದ್ದು, ಯಾವ ವರ್ಷದ್ದು, ಎಲ್ಲಿ ಆಡಿದ್ದು, ಜೊತೆಗೆ ಯಾರಿದ್ದರು, ಯಾಕೆ ಇಟ್ಟುಕೊಂಡದ್ದು. ವಸ್ತುವಿನ ಮೇಲೆಯೇ ಪೆನ್ನಿನಲ್ಲಿ ಬರೆಯಬೇಡಿ. ಬರೆಯಲು ಆಗದ ಹಿರಿಯರಿದ್ದರೆ ಅವರ ಕೈಗೆ ಬ್ಯಾಟ್ ಕೊಟ್ಟು, ಮೊಬೈಲ್‌ನಲ್ಲಿ ಅವರ ಮಾತು ರೆಕಾರ್ಡ್ ಮಾಡಿಕೊಳ್ಳಿ. ಹಳೆಯ ಪದಕದ ಬಗ್ಗೆ ಕೇಳಿದರೆ ಅವರು ನಿಮಗೆ ಈವರೆಗೆ ಹೇಳಿರದ ಒಂದಿಷ್ಟು ಸಂಗತಿಗಳೂ ಹೊರಬರುತ್ತವೆ.

ಸಂಗ್ರಹಾಲಯಕ್ಕೆ ಕೊಡುವ ಯೋಚನೆಯಿದ್ದರೂ ಈ ಚೀಟಿ ಬೇಕು. ವಿವರವಿಲ್ಲದ ವಸ್ತುವನ್ನು ಸ್ವೀಕರಿಸಲು ಯಾವ ಸಂಗ್ರಹಾಲಯವೂ ಹಿಂದೆಮುಂದೆ ನೋಡುತ್ತದೆ. ಯಾವುದೂ ಬೇಡ, ಮನೆಯಲ್ಲೇ ಇರಲಿ ಎನ್ನುವುದಾದರೆ ಪುಸ್ತಕದ ಕಪಾಟಿನ ಒಂದು ಮೂಲೆ ಸಾಕು. ಅಟ್ಟದಲ್ಲಿ ಯಾರ ಕಣ್ಣಿಗೂ ಬೀಳದೆ ಬಿದ್ದಿರುವುದಕ್ಕಿಂತ, ಮನೆಗೆ ಬಂದ ಮಗು ಎತ್ತಿಕೊಂಡು 'ಇದು ಯಾರದ್ದು ಅಜ್ಜಾ?' ಎಂದು ಕೇಳುವ ಜಾಗದಲ್ಲಿ ಅದು ಇರುವುದು ಒಳ್ಳೆಯದು.